ಅಳೆದು ಬೇಯಿಸುವುದೂ ಒಂದು ಆಚಾರ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ನಮ್ಮ ಕುವೆಂಪುನಗರದ ಹಳೆಯ ನಿವಾಸಿಗಳಿಗೆ ಒಂದು ದುರ್ಗಂಧದ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ವಿದ್ಯಾರಣ್ಯಪುರದ ಸೂಯೇಜ್ ಫಾರಂ ಕಡೆಯಿಂದ ಗಾಳಿ ಬೀಸಿದ ದಿನಗಳಲ್ಲಿ, ಸಾಯಂಸಂಧ್ಯೆಗೆ ಕುಳಿತವರು ಪ್ರಾಣಾಯಾಮಕ್ಕೆಂದು ಮೂಗು ಹಿಡಿಯುವ ಮೊದಲೇ ಮೂಗು ಮುಚ್ಚಿಕೊಳ್ಳಬೇಕಾಗಿದ್ದ ವರ್ಷಗಳನ್ನು ನಾವೆಲ್ಲರೂ ಕಂಡಿದ್ದೇವೆ. ಊರಿನ ಕಸ ಅಲ್ಲಿ ಬಂದು ಬಿದ್ದು ದಿಬ್ಬದ ಮೇಲೆ ದಿಬ್ಬವಾಗಿ ಬೆಳೆಯಿತು. ಸುತ್ತಲಿನ ಬಡಾವಣೆಗಳ ಜನರು ಮನವಿಪತ್ರಗಳನ್ನು ಬರೆದರು, ಸಭೆ ಸೇರಿದರು. ನಾವೂ ಸಹಿ ಹಾಕಿದವರೇ. ಸಹಿ ಹಾಕಿ ಮನೆಗೆ ಬಂದ ಆ ರಾತ್ರಿಯೇ, ತಪ್ಪಲೆಯಲ್ಲಿ ಉಳಿದಿದ್ದ ಹುಳಿಯನ್ನೂ ಅನ್ನವನ್ನೂ ಪ್ಲಾಸ್ಟಿಕ್ ಚೀಲವೊಂದಕ್ಕೆ ಸುರಿದು, ಬೆಳಗಿನ ಗಾಡಿಗೆಂದು ಗಂಟು ಹಾಕಿ ಇಟ್ಟೆವು. ಗಂಟು ಬಿಗಿಯುವಾಗ ಒಂದು ಕ್ಷಣ ಕೈ ತಡೆಯಿತು. ಸಂಜೆ ನಾವು ದೂರಿಕೊಂಡಿದ್ದ ವಾಸನೆ ಯಾರ ಮನೆಯದು ಎಂಬುದು ಆಗ ತಿಳಿಯಿತು.

ನಮ್ಮ ಮೈಸೂರು 2015ರಲ್ಲಿಯೂ 2016ರಲ್ಲಿಯೂ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೇಶದ ಅತ್ಯಂತ ಸ್ವಚ್ಛನಗರವೆಂಬ ಗೌರವವನ್ನು ಪಡೆಯಿತು. ಕುಂಬಾರಕೊಪ್ಪಲಿನಲ್ಲಿ ಹಸಿ ಕಸವನ್ನೂ ಒಣ ಕಸವನ್ನೂ ಬೇರ್ಪಡಿಸಿ, ಹಸಿಯದನ್ನು ಗೊಬ್ಬರ ಮಾಡಿದ ಘಟಕವನ್ನು ನೋಡಲು ಬೇರೆ ಊರಿನವರೂ ಬಂದರು. ಇವು ಹೆಮ್ಮೆಯ ಸಂಗತಿಗಳೇ ಸರಿ. ಆದರೆ ಆ ಗೌರವವು ಬಹುಪಾಲು ಬೆಳಗಿನ ಜಾವದಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಸಲ್ಲತಕ್ಕದ್ದು. ಹಳಸಿದ ಅನ್ನ, ಒಡೆದ ಬಾಟಲಿ, ಔಷಧದ ಸೂಜಿ ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ನಾವು ಕೊಟ್ಟುದನ್ನು ಕೈಯಿಂದ ಬೇರ್ಪಡಿಸಿದವರು ಅವರು. ಮುಟ್ಟು-ಮಡಿಗಳ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿರುವ ನಾವು, ನಮ್ಮ ಎಂಜಲನ್ನು ಮತ್ತೊಬ್ಬ ಮನುಷ್ಯನು ಬೆರಳಿನಿಂದ ಕೆದಕಬೇಕಾಗುವುದನ್ನು ಕುರಿತು ಇಷ್ಟು ವರ್ಷ ಯೋಚಿಸದೆ ಹೋದುದು ಆಶ್ಚರ್ಯವೇ ಆಗಿದೆ.

ಇನ್ನು ಲೆಕ್ಕದ ಮಾತು. ವಿಶ್ವಸಂಸ್ಥೆಯ ಪರಿಸರ ವಿಭಾಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಹೋಟೆಲು-ಅಂಗಡಿಗಳದ್ದಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು. ಇದರಲ್ಲಿ ತಿನ್ನಲಾಗದ ಸಿಪ್ಪೆ-ನಾರುಗಳೂ ಸೇರಿವೆ ಎಂಬುದನ್ನು ಮರೆಯಬಾರದು. ಆದರೂ ಐದು ಜನರ ಮನೆಗೆ 275 ಕಿಲೋ, ಅಂದರೆ 25 ಕಿಲೋ ಅಕ್ಕಿಯ ಮೂಟೆ ಹನ್ನೊಂದರ ತೂಕ! ಅಷ್ಟೂ ದಿಬ್ಬದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮಿಥೇನ್ ಎಂಬ ಅನಿಲವಾಗುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಎಷ್ಟೋ ಪಾಲು ಪ್ರಬಲವಾದುದು.

ಈ ಮಾತನ್ನು ಎತ್ತಿದಾಗಲೆಲ್ಲ ನಮ್ಮ ಮನೆಗಳಲ್ಲಿ ಕೇಳಿಬರುವ ಸಮಾಧಾನ ಒಂದೇ: "ಏನು ಮಾಡುವುದು ಸ್ವಾಮಿ, ನಮಗೆ ತಂಗಳು ನಿಷಿದ್ಧವಲ್ಲವೆ? ಮಿಕ್ಕಿದ್ದನ್ನು ಚೆಲ್ಲದೆ ಗತಿಯಿಲ್ಲ." ನಾವೂ ಬಹುಕಾಲ ಇದನ್ನೇ ಹೇಳಿಕೊಂಡು ಬಂದವರು. ಆದುದರಿಂದ ಈ ಸಮಾಧಾನವನ್ನು ಸ್ವಲ್ಪ ಬಿಡಿಸಿ ನೋಡೋಣ.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಮೂರು ಬಗೆಯ ಆಹಾರವನ್ನು ವಿಂಗಡಿಸುತ್ತಾನೆ. ಬೇಯಿಸಿ ಯಾಮ ಕಳೆದದ್ದು, ರಸ ಹೋದದ್ದು, ನಾರುವಂತಾದದ್ದು, ರಾತ್ರಿ ಕಳೆದು ಉಳಿದದ್ದು ತಾಮಸರಿಗೆ ಪ್ರಿಯವೆಂದು ಅಲ್ಲಿ ಹೇಳಲ್ಪಟ್ಟಿದೆ. ಸರಿ. ಆದರೆ ತಂಗಳನ್ನು ತಿನ್ನಬೇಡ ಎಂದ ಶಾಸ್ತ್ರವು ಹೆಚ್ಚಾಗಿ ಬೇಯಿಸಿ ಚೆಲ್ಲು ಎಂದು ಎಲ್ಲಿ ಹೇಳಿತು? ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ಅನ್ನವನ್ನು ನಿಂದಿಸದಿರುವುದನ್ನು ಒಂದು ವ್ರತವೆಂದೂ, ಅನ್ನವನ್ನು ತೊರೆಯದಿರುವುದನ್ನು ಮತ್ತೊಂದು ವ್ರತವೆಂದೂ, ಅನ್ನವನ್ನು ಬೆಳೆಸುವುದನ್ನು ಇನ್ನೊಂದು ವ್ರತವೆಂದೂ ವಿಧಿಸುತ್ತದೆ. ಈ ಎರಡು ವಿಧಿಗಳನ್ನೂ ಒಟ್ಟಿಗೆ ಪಾಲಿಸಲು ಇರುವ ದಾರಿ ಒಂದೇ: ಉಳಿಯದಂತೆ ಬೇಯಿಸುವುದು. ತಂಗಳಿನ ನಿಷೇಧವು ಊಟದ ಎಲೆಯ ಮುಂದೆ ಪಾಲಿಸುವ ನಿಯಮವೆಂದು ನಾವು ತಿಳಿದಿದ್ದೇವೆ. ಅದನ್ನು ಪಾಲಿಸಬೇಕಾದ ಸ್ಥಳ ಅಕ್ಕಿಯ ಡಬ್ಬದ ಮುಂದೆ, ಪಾವಿನ ಅಳತೆ ಕೈಯಲ್ಲಿರುವಾಗ.

ಸ್ಮೃತಿಕಾರರೂ ಇದರಲ್ಲಿ ನಾವು ತಿಳಿದಷ್ಟು ನಿಷ್ಠುರರಲ್ಲ. ತುಪ್ಪ-ಎಣ್ಣೆಗಳ ಸ್ನೇಹವುಳ್ಳ ಭಕ್ಷ್ಯವು ಕೆಡದಿದ್ದರೆ ರಾತ್ರಿ ಕಳೆದರೂ ತಿನ್ನಲು ಯೋಗ್ಯವೆಂದೂ, ಹವಿಸ್ಸಿನ ಶೇಷವೂ ಹಾಗೆಯೇ ಎಂದೂ ಮನುವು ಹೇಳುತ್ತಾನೆ. ಚಕ್ಕುಲಿಯನ್ನು ತಿಂಗಳಿಟ್ಟುಕೊಂಡು ತಿನ್ನುವ ನಾವು ಇದನ್ನು ಆಚರಣೆಯಲ್ಲಿ ಬಲ್ಲೆವು.

ನಮ್ಮ ಸಿದ್ಧಾಂತದವರಿಗಂತೂ ಈ ವಿಷಯ ಇನ್ನಷ್ಟು ಹತ್ತಿರದ್ದು. ಅನ್ನಮಯಾದಿ ಐದು ಶಬ್ದಗಳೂ ಭಗವಂತನ ಐದು ರೂಪಗಳನ್ನೇ ಹೇಳುತ್ತವೆಂದೂ, ಅನ್ನಮಯನೆಂದರೆ ಅನಿರುದ್ಧನೆಂದೂ ಶ್ರೀಮದಾಚಾರ್ಯರ ಪರಂಪರೆಯಲ್ಲಿ ತಿಳಿಯಲಾಗಿದೆ. ಮೇಲಾಗಿ ನಮ್ಮ ಮನೆಗಳಲ್ಲಿ ಬೇಯಿಸಿದುದೆಲ್ಲವೂ ದೇವರ ಮುಂದಿಟ್ಟು ನಿವೇದಿಸಿದುದೇ. ಅನಂತರ ರಮಾದೇವಿಗೆ, ಮುಖ್ಯಪ್ರಾಣರಿಗೆ, ಗುರುಗಳಿಗೆ. ತೀರ್ಥದ ಒಂದು ತೊಟ್ಟು ನೆಲಕ್ಕೆ ಬಿದ್ದರೆ ನೊಂದುಕೊಳ್ಳುವ ಮುದುಕರಿರುವ ಮನೆಯಲ್ಲಿಯೇ, ನಿವೇದಿತವಾದ ಅನ್ನ ಅರ್ಧ ತಪ್ಪಲೆ ಮೋರಿಗೆ ಹೋದರೆ ಯಾರಿಗೂ ಏನೂ ಅನ್ನಿಸದು. ಎರಡೂ ಪ್ರಸಾದವಲ್ಲವೆ?

ಈ ಸಂದರ್ಭದಲ್ಲಿ ಭಾರತದ ಆಶ್ವಮೇಧಿಕ ಪರ್ವದ ಮುಂಗುಸಿಯ ಕಥೆ ನೆನಪಿಗೆ ಬರುತ್ತದೆ. ಧರ್ಮರಾಜನ ಅಶ್ವಮೇಧ ಮುಗಿದಿದೆ. ಅಲ್ಲಿ ಅನ್ನವನ್ನು ಬೆಟ್ಟಗಳಂತೆ ರಾಶಿ ಹಾಕಲಾಗಿತ್ತೆಂದು ವರ್ಣನೆ. ಎಲ್ಲರೂ ಹೊಗಳುತ್ತಿರುವಾಗ ಬಿಲದಿಂದ ಒಂದು ಮುಂಗುಸಿ ಹೊರಬರುತ್ತದೆ. ಅದರ ಅರ್ಧ ಮೈ ಬಂಗಾರ. ಈ ಯಜ್ಞವು ಕುರುಕ್ಷೇತ್ರದ ಬಡ ಬ್ರಾಹ್ಮಣನೊಬ್ಬನ ಒಂದು ಪ್ರಸ್ಥ ಹಿಟ್ಟಿಗೆ ಸಮನಲ್ಲವೆಂದು ಅದು ಹೇಳಿಬಿಡುತ್ತದೆ. ಆ ಬ್ರಾಹ್ಮಣನು ಉಂಛವೃತ್ತಿಯವನು. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿ ಉಳಿದ ಕಾಳನ್ನು ಆರಿಸಿ ಬದುಕುವುದೇ ಉಂಛವೃತ್ತಿ. ಎಂದರೆ ಇತರರು ಬಿಟ್ಟು ಹೋದುದೇ ಅವನ ಆಹಾರ. ಕ್ಷಾಮಕಾಲದಲ್ಲಿ ಹಾಗೆ ಕೂಡಿದ ಹಿಟ್ಟನ್ನು ಅವನೂ, ಹೆಂಡತಿಯೂ, ಮಗನೂ, ಸೊಸೆಯೂ ನಾಲ್ಕು ಪಾಲು ಮಾಡಿಕೊಂಡು ಕುಳಿತಾಗ ಅತಿಥಿಯೊಬ್ಬನು ಬಂದನು. ನಾಲ್ವರೂ ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಪಾಲನ್ನು ಅವನಿಗೆ ಬಡಿಸಿದರು. ಅಲ್ಲಿ ಚೆದುರಿದ್ದ ಹಿಟ್ಟಿನ ಕಣಗಳಲ್ಲಿ ಹೊರಳಿದ ಮುಂಗುಸಿಯ ಅರ್ಧ ಮೈ ಬಂಗಾರವಾಯಿತು. ಉಳಿದರ್ಧವೂ ಆದೀತೆಂದು ಅದು ಯಜ್ಞದಿಂದ ಯಜ್ಞಕ್ಕೆ ಅಲೆಯಿತು. ಧರ್ಮರಾಜನ ಅನ್ನದ ಬೆಟ್ಟದ ಬಳಿಯೂ ಆಗಲಿಲ್ಲ.

ಈ ಕಥೆಯನ್ನು ದಾನದ ಹಿರಿಮೆಗಾಗಿ ಹೇಳುವುದು ವಾಡಿಕೆ, ಅದು ಯುಕ್ತವೂ ಹೌದು. ಆದರೆ ಅದರಲ್ಲಿ ಮತ್ತೊಂದು ಮಾತೂ ಅಡಗಿದೆಯೆಂದು ನಮಗೆ ತೋರುತ್ತದೆ. ಮುಂಗುಸಿಯು ಎರಡು ಕಡೆಯಲ್ಲಿಯೂ ಪರೀಕ್ಷಿಸಿದ್ದು ಬಡಿಸಿದ ಅನ್ನವನ್ನಲ್ಲ, ಊಟವಾದ ಮೇಲೆ ನೆಲದಲ್ಲಿ ಉಳಿದುದನ್ನು. ಅದು ನಮ್ಮ ಸಮಾರಾಧನೆಯ ಮರುದಿನ ಬಂದು ಹೊರಳಿದ್ದರೆ ಏನಾಗುತ್ತಿತ್ತೋ!

ಹಾಗೆ ಹೇಳಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಆರಾಧನೆಯೊಂದರ ಪಾಕಶಾಲೆಯಲ್ಲಿ ಲೆಕ್ಕದ ಭಾರ ನಮ್ಮ ಮೇಲಿತ್ತು. ಆರುನೂರು ಎಲೆ ಎಂದು ಅಂದಾಜು ಹೇಳಿದವರು ನಾವೇ. ಬೆಳಗಿನಿಂದ ಜಡಿಮಳೆ ಹಿಡಿಯಿತು. ಮುನ್ನೂರೈವತ್ತು ಎಲೆಯೂ ಬೀಳಲಿಲ್ಲ. ಕಡಿಮೆಯಾಯಿತೆಂದು ನಾಲ್ಕು ಜನ ಆಡಿಕೊಂಡಾರೆಂಬ ಭಯದಿಂದ, ಮಳೆ ಕಂಡ ಮೇಲೂ ಎರಡನೆಯ ಕೊಪ್ಪರಿಗೆಗೆ ಅಕ್ಕಿ ಸುರಿಸಿದ್ದೆವು. ಸಂಜೆಯ ಹೊತ್ತಿಗೆ ಅನ್ನ ಬೆವರತೊಡಗಿತು. ಹಂಚಲು ಹೊರಟರೆ ಕೊಂಡುಹೋಗಲು ಪಾತ್ರೆಯಿಲ್ಲ, ಕೊಡಬೇಕಾದ ಜಾಗ ಗೊತ್ತಿಲ್ಲ, ಮೊದಲೇ ಯಾರಿಗೂ ಹೇಳಿಲ್ಲ. ಕೊನೆಗೆ ರಾತ್ರಿಯಲ್ಲಿ ಯಾರೂ ನೋಡದಂತೆ ಬೀದಿಯ ಕೊನೆಗೆ ಸಾಗಿಸಿದೆವು. ಬೆಳಿಗ್ಗೆ ಆ ರಾಶಿಯಲ್ಲಿ ಎರಡು ಹಸುಗಳು ಅನ್ನದೊಡನೆ ಪ್ಲಾಸ್ಟಿಕ್ ಚೀಲವನ್ನೂ ಮೆಲ್ಲುತ್ತ ನಿಂತಿದ್ದವು. ನಾವು ಗೋಗ್ರಾಸ ಕೊಟ್ಟ ಬಗೆ ಅದು. ಈಗಲೂ ಸಮಾರಾಧನೆಯ ಪಟ್ಟಿ ಬರೆಯಲು ಕುಳಿತಾಗ ಆ ದೃಶ್ಯ ಕಣ್ಣಿಗೆ ಬರುತ್ತದೆ.

ನಮ್ಮ ಹಿರಿಯರು ಲೆಕ್ಕವಿಲ್ಲದೆ ಉಣಬಡಿಸಿದವರಲ್ಲ. ಉಡುಪಿಯಲ್ಲಿ ಶ್ರೀವಾದಿರಾಜರ ಕಾಲದಿಂದ ನಡೆದುಬಂದ ದ್ವೈವಾರ್ಷಿಕ ಪರ್ಯಾಯವನ್ನೇ ನೋಡಿ. ಸರ್ವಜ್ಞ ಪೀಠವನ್ನೇರುವುದಕ್ಕೆ ಸುಮಾರು ವರ್ಷ ಮೊದಲೇ ಬಾಳೆ ಮುಹೂರ್ತ. ಉಣ್ಣುವ ಎಲೆಗಾಗಿ ಗಿಡ ನೆಡುವುದರಿಂದ ಅನ್ನದಾನದ ಸಿದ್ಧತೆ ಆರಂಭ! ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಸಾವಿರಾರು ಜನರಿಗೆ ಪ್ರತಿದಿನ ಬಡಿಸುವ ಕ್ಷೇತ್ರಕ್ಕೆ ಇಷ್ಟು ಮುಂದಾಲೋಚನೆ ಇರುವಾಗ, ನಾಲ್ಕು ಜನರ ಮನೆಯಲ್ಲಿ ನಾಳೆ ಮಧ್ಯಾಹ್ನ ಊಟಕ್ಕೆ ಯಾರು ಯಾರು ಇರುತ್ತಾರೆಂದು ರಾತ್ರಿಯೇ ಕೇಳಿಕೊಳ್ಳುವುದು ಕಷ್ಟವೆ? ಮಗನಿಗೆ ಕಛೇರಿಯಲ್ಲಿ ಊಟ, ಮಗಳು ಕಾಲೇಜಿನಿಂದ ಬರುವುದು ನಾಲ್ಕಕ್ಕೆ, ಆದರೂ ಪಾವಿನ ಲೆಕ್ಕ ಮಾತ್ರ ಹತ್ತು ವರ್ಷದ ಹಿಂದಿನದು. ಅಕ್ಕಿ ಬೆಂದರೆ ಸುಮಾರು ಮೂರು ಪಾಲು ಉಬ್ಬುತ್ತದೆ. ಒಂದು ಹಿಡಿ ಹೆಚ್ಚು ಹಾಕಿದ್ದು ಮೂರು ಹಿಡಿಯಾಗಿ ಉಳಿಯುತ್ತದೆ.

ಏಕಾದಶಿಯೂ ಈ ವಿಷಯದಲ್ಲಿ ನಮಗೆ ದೊಡ್ಡ ಉಪಕಾರಿ. ಪಕ್ಷಕ್ಕೊಮ್ಮೆ ಒಲೆ ಆರಿಸುವ ಮನೆಯಲ್ಲಿ ದಶಮಿಯ ದಿನ ಏನೂ ಉಳಿಯುವಂತಿಲ್ಲ. ಮಜ್ಜಿಗೆ, ಹಣ್ಣು, ಬಾಡತೊಡಗಿದ ಸೊಪ್ಪು ಎಲ್ಲವೂ ಅಂದೇ ತೀರಬೇಕು. ದಶಮಿಯ ಬೆಳಿಗ್ಗೆ ತರಕಾರಿಯ ಬುಟ್ಟಿಯನ್ನು ಬೋರಲು ಹಾಕಿ ನೋಡುವ ಪದ್ಧತಿಯನ್ನು ಒಬ್ಬ ಹಿರಿಯ ಗೃಹಿಣಿ ನಮಗೆ ಹೇಳಿಕೊಟ್ಟರು. ಆ ದಿನ ಅವರ ಮನೆಯಲ್ಲಿ ಮಾಡುವುದು ಕೂಟು. ಅದಕ್ಕೆ ಹೆಸರಿಲ್ಲ, ಬುಟ್ಟಿಯಲ್ಲಿದ್ದುದೆಲ್ಲ ಅದರಲ್ಲಿದೆ. ಬಹಳ ರುಚಿಯಾದ ಪದಾರ್ಥವೆಂಬುದಕ್ಕೆ ನಾವೇ ಸಾಕ್ಷಿ. ಫ್ರಿಜ್ಜು ಇದೆಯಲ್ಲ ಎಂದು ಕೆಲವರು ಹೇಳಬಹುದು. ನಮ್ಮ ಅನುಭವದಲ್ಲಿ ಅನೇಕ ಮನೆಗಳಲ್ಲಿ ಅದರಿಂದ ಚೆಲ್ಲುವುದು ಮೂರು ದಿನ ಮುಂದಕ್ಕೆ ಹೋಯಿತೇ ಹೊರತು ನಿಲ್ಲಲಿಲ್ಲ.

ಮಿತವ್ಯಯದ ಅಡುಗೆಯನ್ನು ನಮ್ಮ ಸೀಮೆಯ ಹೆಂಗಸರಿಗೆ ನಾವು ಕಲಿಸಹೊರಡುವುದು ಉದ್ಧಟತನವಾದೀತು. ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ಸಾರು. ಹೀರೇಕಾಯಿಯ ಸಿಪ್ಪೆಯ ಚಟ್ನಿ. ಬಾಳೆಯ ಕಾಯಿ, ಹೂವು, ದಿಂಡು ಮೂರಕ್ಕೂ ಮೂರು ಬಗೆಯ ಪಲ್ಯ. ಹಲಸಿನ ಬೀಜದ ಹುಳಿ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಬಿಳಿಯ ಭಾಗದ ದೋಸೆ. ಇವು ಬಡತನದ ಅಡುಗೆಯೆಂದು ನಾಚಿ ಬಿಟ್ಟವರು ನಾವು. ಕೊತ್ತಂಬರಿಯ ದಂಟನ್ನು ಚಾಕುವಿನಿಂದ ಕತ್ತರಿಸಿ ಎಸೆಯುವುದು ಯಾವ ಕಾಲದಲ್ಲಿ ಆರಂಭವಾಯಿತೋ ತಿಳಿಯದು. ಸಾರಿನ ಪರಿಮಳವೆಲ್ಲ ಅದರಲ್ಲಿಯೇ ಇದೆ. ಮಧ್ಯಾಹ್ನದ ಅನ್ನ ಸ್ವಲ್ಪ ಉಳಿದರೆ ರಾತ್ರಿಯ ಊಟದಲ್ಲಿಯೇ ಮೊಸರನ್ನವೋ ಚಿತ್ರಾನ್ನವೋ ಆಗಿ ಮುಗಿಯಲಿ. ಮಡಿಯಿಂದ ಉಣ್ಣುವ ಹಿರಿಯರಿಗೆ ಅದು ಸಲ್ಲದಿದ್ದರೆ ಅವರನ್ನು ಒತ್ತಾಯಿಸಬೇಕಾದುದಿಲ್ಲ. ಅವರ ಪಾಲು ಬೇರೆ ಅಳೆದು ಬೇಯಿಸಿದರಾಯಿತು.

ಎಷ್ಟು ಎಚ್ಚರವಿದ್ದರೂ ಸಿಪ್ಪೆ, ತೊಟ್ಟು, ಕಾಫಿಯ ಗಸಿ, ಬಾಳೆಯೆಲೆ ಉಳಿದೇ ಉಳಿಯುತ್ತವೆ. ಹಿಂದೆ ಇವುಗಳಿಗೆ ಮನೆಯಲ್ಲಿಯೇ ಗತಿಯಿತ್ತು. ಅಕ್ಕಿ ತೊಳೆದ ನೀರೂ ಸಿಪ್ಪೆಯೂ ಕಲಗಚ್ಚಿನ ಬಾನಿಗೆ, ಬಾನಿಯಿಂದ ಹಸುವಿಗೆ. ಮಿಕ್ಕದ್ದು ಹಿತ್ತಲ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ. ದೀಪಾವಳಿಯಲ್ಲಿ ತಿಪ್ಪೆಗೂ ಪೂಜೆ ಸಲ್ಲಿಸುವ ಊರುಗಳು ನಮ್ಮ ನಾಡಿನಲ್ಲಿವೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಹಸುವೂ ಇಲ್ಲ, ತಿಪ್ಪೆಯೂ ಇಲ್ಲ. ಹಿತ್ತಲಿಗೆ ಸಿಮೆಂಟು ಬಿದ್ದಿದೆ. ಆದರೂ ಒಂದು ಮಡಕೆಗೆ ಜಾಗವಿಲ್ಲದ ಮನೆಯನ್ನು ನಾವು ಕಂಡಿಲ್ಲ.

ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ. ಎರಡು ದೊಡ್ಡ ಮಣ್ಣಿನ ಮಡಕೆಗಳು, ಬದಿಯಲ್ಲಿ ನಾಲ್ಕಾರು ತೂತು, ಮೇಲೆ ಮುಚ್ಚಳ, ಅಡಿಯಲ್ಲಿ ಎರಡು ಇಟ್ಟಿಗೆ. ತಳಕ್ಕೆ ತೆಂಗಿನ ನಾರು. ಅದರ ಮೇಲೆ ಆ ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಅದರ ಎರಡರಷ್ಟು ಒಣ ತರಗೆಲೆಯಿಂದ ಮುಚ್ಚುವುದು. ಆರಂಭದಲ್ಲಿ ಒಂದು ಬೊಗಸೆ ಸಗಣಿಯ ನೀರನ್ನಾಗಲಿ ಹುಳಿ ಮಜ್ಜಿಗೆಯನ್ನಾಗಲಿ ಚಿಮುಕಿಸಿದರೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೇಗ ನೆಲೆಗೊಳ್ಳುತ್ತವೆ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ ಗಾಳಿಯಾಡಿಸಬೇಕು. ಹಿಂಡಿದ ಪಂಚೆಯಷ್ಟು ತೇವವಿದ್ದರೆ ಸಾಕು. ವಾಸನೆ ಬಂದರೆ ನೀರು ಹೆಚ್ಚಾಗಿದೆಯೆಂದು ತಿಳಿದು ಇನ್ನಷ್ಟು ತರಗೆಲೆ ಹಾಕಿ. ಇರುವೆ ಬಂದರೆ ಒಣಗಿದೆಯೆಂದು ಸ್ವಲ್ಪ ನೀರು. ಎಣ್ಣೆ-ಉಪ್ಪಿನ ಪದಾರ್ಥ ಬಹಳ ಬೇಡ. ತುಂಬಿದ ಮಡಕೆಯನ್ನು ಮುಚ್ಚಿಟ್ಟು ಎರಡನೆಯದನ್ನು ಆರಂಭಿಸಿದರೆ, ಎರಡು-ಮೂರು ತಿಂಗಳಲ್ಲಿ ಮೊದಲನೆಯದು ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗಿರುತ್ತದೆ. ನಡುವೆ ಒಮ್ಮೆ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ನಮ್ಮ ಜಠರದಲ್ಲಿ ವೈಶ್ವಾನರನಾಗಿ ಅನ್ನವನ್ನು ಪಚನ ಮಾಡುವವನು ಮಡಕೆಯಲ್ಲಿಯೂ ಇದ್ದಾನೆ.

ತರಗೆಲೆಗೆ ಏನು ಮಾಡುವುದೆಂದು ಕೇಳಬೇಡಿ. ಮಾಘ-ಫಾಲ್ಗುಣಗಳಲ್ಲಿ ನಮ್ಮ ರಸ್ತೆಯ ಹೊಂಗೆ ಮರಗಳು ಉದುರಿಸುವುದನ್ನು ಗುಡಿಸಿ ಬೆಂಕಿ ಹಚ್ಚುವ ಬದಲು ನಾಲ್ಕು ಗೋಣಿಚೀಲ ತುಂಬಿಟ್ಟರೆ ವರ್ಷಕ್ಕೆ ಸಾಕು. ಹೊಂಗೆಯ ಸೊಪ್ಪನ್ನು ರೈತರು ಗದ್ದೆಗೆ ತುಳಿಸುತ್ತಿದ್ದುದು ಅದರ ಸತ್ತ್ವವನ್ನು ಬಲ್ಲುದರಿಂದ.

ಚಾತುರ್ಮಾಸ್ಯದಲ್ಲಿ ಮಡಕೆಗೂ ವ್ರತ ಬರುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಶಾಕವ್ರತದ ತಿಂಗಳು ಸಿಪ್ಪೆಯೇ ಇಲ್ಲದೆ ಅದು ಬಡವಾಗುತ್ತದೆ. ಹೂವು, ಕಾಫಿಯ ಗಸಿಗಳೇ ಗತಿ. 

ಇನ್ನು ಮಡಿಯ ಪ್ರಶ್ನೆ. ಎಂಜಲೆಲೆಯನ್ನು ಸಿಪ್ಪೆಯ ಜೊತೆಗೆ ಹಾಕಬಹುದೆ, ನಿರ್ಮಾಲ್ಯವನ್ನು ಏನು ಮಾಡಬೇಕು ಎಂದು ಅನೇಕರು ಕೇಳಿದ್ದಾರೆ. ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ಏರ್ಪಾಟನ್ನು ಹೇಳುತ್ತೇವೆ, ಶಾಸ್ತ್ರವಚನವೆಂದು ಭಾವಿಸಬೇಡಿ. ನಿರ್ಮಾಲ್ಯಕ್ಕೆ, ಅಂದರೆ ದೇವರ ಹೂವು-ತುಳಸಿಗಳಿಗೆ, ಕಾಲು ಸೋಕದ ಕಡೆಯಲ್ಲಿ ಪ್ರತ್ಯೇಕವಾದ ಚಿಕ್ಕ ಮಡಕೆ. ಅದರ ಮಣ್ಣು ಬೃಂದಾವನಕ್ಕೆ. ಸಿಪ್ಪೆಯ ಗೊಬ್ಬರ ಹೂವಿನ ಗಿಡಗಳಿಗೆ. ಎಂಜಲೆಲೆಗಳನ್ನು ತೆಂಗಿನ ಪಾತಿಯಲ್ಲಿಯೇ ಹೂಳುತ್ತೇವೆ. ಮಡಿಯಲ್ಲಿರುವವರು ಮಡಕೆಯನ್ನು ಮುಟ್ಟುವುದಿಲ್ಲ; ಮುಟ್ಟಿದವರು ಕೈಕಾಲು ತೊಳೆದು ಒಳಗೆ ಬರುತ್ತಾರೆ. ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದ ಸಮೇತ ಕೆರೆಗೆ ಎಸೆದು ವಿಸರ್ಜನೆಯೆಂದು ಕರೆಯುವುದಕ್ಕಿಂತ ಇದರಲ್ಲಿ ದೋಷ ಕಡಿಮೆಯೆಂದೇ ನಮ್ಮ ನಂಬಿಕೆ. ವೈಶ್ವದೇವದ ಬಳಿಕ ನಾಯಿ, ಕಾಗೆ, ಕ್ರಿಮಿಗಳಿಗೂ ನೆಲದ ಮೇಲೆ ಅನ್ನವಿಡಬೇಕೆಂದು ಧರ್ಮಶಾಸ್ತ್ರ ವಿಧಿಸಿದೆ. ಗೊಬ್ಬರದ ಮಡಕೆಯೇ ಬಲಿಹರಣವೆಂದು ನಾವು ಹೇಳುವುದಿಲ್ಲ, ಅದು ಅತಿಯಾದೀತು. ಆದರೆ ಕ್ರಿಮಿಗೂ ಗೃಹಸ್ಥನ ಅನ್ನದಲ್ಲಿ ಪಾಲುಂಟೆಂದು ಒಪ್ಪಿದ ಮನೆತನದವರಿಗೆ ಎರೆಹುಳುವನ್ನು ಕಂಡು ಹೇಸಿಕೊಳ್ಳಲು ಕಾರಣವಿಲ್ಲ.

ಬರುವ ಶ್ರೀರಾಘವೇಂದ್ರಸ್ವಾಮಿಗಳವರ ಆರಾಧನೆಯಲ್ಲಿ ನಮ್ಮ ಸನ್ನಿಧಿಯ ಪಾಕಶಾಲೆಯಲ್ಲಿಯೂ ಈ ಕ್ರಮವನ್ನು ಅನುಸರಿಸಲು ಉದ್ದೇಶಿಸಿದೆ. ತೀರ್ಥಪ್ರಸಾದಕ್ಕೆ ಬರುವವರು ಮನೆಯಿಂದ ಎಷ್ಟು ಜನರೆಂಬುದನ್ನು ಹಿಂದಿನ ದಿನ ಸಂಜೆಯ ಮಂಗಳಾರತಿಯೊಳಗೆ ಕಛೇರಿಯ ಪುಸ್ತಕದಲ್ಲಿ ಬರೆಯಿಸಬೇಕಾಗಿ ಪ್ರಾರ್ಥನೆ. ಬಡಿಸುವವರಿಗೆ "ಸ್ವಲ್ಪ" ಎಂದು ಹೇಳುವುದರಿಂದ ಯಾವ ಅಮರ್ಯಾದೆಯೂ ಇಲ್ಲ. ಎರಡನೆಯ ಸಲ ಕೇಳಿದರೂ ಇಲ್ಲ. ಪ್ರತಿಯೊಂದು ಮನೆಯವರೂ ಮುಚ್ಚಳವಿರುವ ಒಂದು ಪಾತ್ರೆಯನ್ನು ತಂದರೆ ಉಳಿದ ಪ್ರಸಾದವು ಅಂದೇ ಸಂಜೆಯೊಳಗೆ ಮನೆಗಳಿಗೆ ಸೇರುತ್ತದೆ. ಬಾಳೆಯೆಲೆಗಳಿಗಾಗಿ ಹಿಂಬದಿಯ ತೆಂಗಿನ ಮರಗಳ ನಡುವೆ ಗುಂಡಿ ತೋಡಿಸಲಾಗಿದೆ. ಎಲೆಯ ಜೊತೆಗೆ ಕಾಗದದ ಲೋಟಗಳನ್ನು ಹಾಕದಿರಬೇಕು. ಕಳೆದ ಚೈತ್ರದಲ್ಲಿ ತುಂಬಿಸಿಟ್ಟ ನಿರ್ಮಾಲ್ಯದ ಮಡಕೆಯನ್ನು ಉತ್ತರಾರಾಧನೆಯ ಮರುದಿನ ಬೆಳಿಗ್ಗೆ ತೆರೆಯಲಾಗುವುದು. ಮನೆಯ ತುಳಸಿಗೆ ಮಣ್ಣು ಬೇಕಾದವರು ಚಿಕ್ಕ ಬಟ್ಟೆಯ ಚೀಲದೊಡನೆ ಎಂಟು ಗಂಟೆಯೊಳಗೆ ಬರುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥